ಚೆಲುವಮ್ಮನ ತಟ್ಟೆ

ಮಾರನಹಳ್ಳಿಯಲ್ಲಿ ಹೆದ್ದಾರಿ ಘಾಟಿಗೆ ಇಳಿಯುವುದಕ್ಕೆ ಸ್ವಲ್ಪ ಮೊದಲು ಚೆಲುವಮ್ಮನ ಹೋಟೆಲು ಇದೆ. ಅಕ್ಕಿ ತರಿ ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿಟ್ಟು ತೆಗೆಯುವ ಅವಳ ಕಡುಬಿಗೆ, ಕೆಂಡದ ಮೇಲೆ ಉಬ್ಬುವ ಅಕ್ಕಿ ರೊಟ್ಟಿಗೆ, ಮಂಗಳೂರು ಕಡೆಯಿಂದ ಹತ್ತಿ ಬರುವ ಗಾಡಿಯವರು ಹಸಿವು ತಡೆದುಕೊಂಡೇ ಬರುತ್ತಿದ್ದರು. ಗಂಡ ಧರ್ಮ ಗಲ್ಲಾ ನೋಡಿಕೊಂಡು ಕಾಫಿ ಸೋಸುತ್ತಿದ್ದ. ಅಡುಗೆ ಪೂರ್ತಿ ಅವಳದು.

ಮಾಡುವವಳೂ ಅವಳೇ, ರುಚಿ ನೋಡುವವಳೂ ಅವಳೇ. ಬೆಳಿಗ್ಗೆ ಕಡುಬು ಬೆಂದಿದೆಯೇ ಎಂದು ಒಂದು, ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ಇನ್ನೊಂದು. ಮಧ್ಯಾಹ್ನ ಜನ ಕಮ್ಮಿಯಾದ ಮೇಲೆ ತಟ್ಟೆ ತುಂಬ ಅನ್ನ. ಸಂಜೆ ಉಳಿದ ರೊಟ್ಟಿಯನ್ನು ಬೆಲ್ಲದ ಕಾಫಿಯಲ್ಲಿ ಅದ್ದಿಕೊಂಡು ತಿನ್ನುವುದು. ಐವತ್ತು ಹತ್ತಿರ ಬರುತ್ತಿದ್ದಂತೆ ಒಲೆ ಮುಂದೆ ಕೂತರೆ ಗೋಡೆ ಹಿಡಿಯದೆ ಏಳಲಾಗುತ್ತಿರಲಿಲ್ಲ. ಮಂಡಿ ನೋವಿಗೆ ಎಣ್ಣೆ ಹಚ್ಚಿ ಹಚ್ಚಿ ಸಾಕಾಗಿ ಒಂದು ದಿನ ಸಕಲೇಶಪುರದ ಡಾಕ್ಟರಮ್ಮನ ಹತ್ತಿರ ಹೋದಳು.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ನೋಡಿ, "ಸಕ್ಕರೆ ಕಾಯಿಲೆ ಬಾಗಿಲ ಹತ್ತಿರ ನಿಂತಿದೆ, ಒಳಗೆ ಬಂದಿಲ್ಲ. ತೂಕ ಇಳಿಸಿದರೆ ಮಂಡಿಗೂ ಒಳ್ಳೆಯದು. ಅಕ್ಕಿ ಕಡಿಮೆ ಮಾಡಮ್ಮ," ಎಂದರು.

ಚೆಲುವಮ್ಮ ಕಡಿಮೆ ಮಾಡಲಿಲ್ಲ, ಒಂದೇ ಸಲ ಬಿಟ್ಟುಬಿಟ್ಟಳು. ಯಾವುದನ್ನೇ ಆಗಲಿ ಅರ್ಧ ಮಾಡಿ ಗೊತ್ತಿಲ್ಲದ ಹೆಂಗಸು. ಬೆಳಗಿಂದ ಬರೀ ಮಜ್ಜಿಗೆ, ಎರಡು ಸೌತೆಕಾಯಿ. ಸುತ್ತಲೂ ಕಡುಬಿನ ಹಬೆ. ಎರಡನೇ ದಿನ ತಲೆ ಸಿಡಿಯತೊಡಗಿತು. ಮೂರನೇ ದಿನ ಸಾರು ಬಡಿಸಲು ತಡ ಮಾಡಿದ್ದಕ್ಕೆ ಧರ್ಮನಿಗೆ ಗಿರಾಕಿಗಳ ಎದುರಿಗೇ ಬೈದಳು. ಅದೇ ಮಧ್ಯಾಹ್ನ ಹಿತ್ತಲ ಬಾಗಿಲ ಮರೆಯಲ್ಲಿ ನಿಂತು, ಕೋಳಿ ಸಾರಿನಲ್ಲಿ ಅದ್ದಿ ಅದ್ದಿ, ಉಸಿರು ಬಿಡದೆ ಕಡುಬು ನುಂಗಿದಳು. ಹೊಟ್ಟೆ ತುಂಬಿದ ಮೇಲೆ ಅಳು ಬಂತು.

ಧರ್ಮ ನೋಡಿದ. ನಗಲಿಲ್ಲ. "ಕಡುಬು ಮಾರೋಳು ಕಡುಬು ಬುಟ್ಟು ಬದುಕಕ್ಕಾಯ್ತದಾ? ನಡಿ, ಇನ್ನೊಂದ್ಸಲ ಕೇಳ್ಕಂಡು ಬರಾನ," ಎಂದ.

ಡಾಕ್ಟರಮ್ಮ ಎಲ್ಲ ಕೇಳಿಕೊಂಡು, "ಬಿಡು ಅಂತ ನಾನು ಹೇಳಿಲ್ಲವಲ್ಲಮ್ಮ. ನಿನ್ನ ತಟ್ಟೇಲಿ ಅನ್ನ ನಡುವೆ ಇರುತ್ತೆ, ಪಲ್ಯ ಅಂಚಿಗೆ ಇರುತ್ತೆ. ಅದನ್ನ ತಿರುಗಿಸು. ಪಲ್ಯ, ಕಾಳು, ಮೀನು, ಮೊಟ್ಟೆ ನಡುವೆ ಬರಲಿ. ಕಡುಬು ಒಂದು ಪಕ್ಕದಲ್ಲಿರಲಿ. ಹಸಿದುಕೊಂಡು ಮಾತ್ರ ಇರಬೇಡ," ಎಂದರು.

ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಅವಳಿಗೆ ಬೇಜಾರಾಗಿದೆ ಎಂದು ಧರ್ಮ ಅಂದುಕೊಂಡ. ಅವಳು ಅಡುಗೆ ಯೋಚಿಸುತ್ತಿದ್ದಳು.

ಮಾರನೆಯ ದಿನ ಗಿರಾಕಿಗಳ ಊಟ ಮುಗಿದ ಮೇಲೆ ಅವಳು ತನಗಾಗಿಯೇ ಅಡುಗೆ ಮಾಡಿಕೊಂಡಳು. ಇಷ್ಟು ವರ್ಷದಲ್ಲಿ ಅದು ಮೊದಲ ಸಲ. ಮಳೆ ಹಿಡಿದಿದ್ದ ಕಾಲ. ನೀರಿನಲ್ಲಿ ನೆನೆಸಿಟ್ಟಿದ್ದ ಎಳೆ ಬಿದಿರಿನ ಕಳಲೆಯನ್ನು ಹೆಚ್ಚಿ, ಬೇಯಿಸಿ, ಮೊಳಕೆ ಬಂದ ಹುರುಳಿಕಾಳು ಸೇರಿಸಿ, ಕಾಯಿತುರಿ ಧಾರಾಳವಾಗಿ ಹಾಕಿ ಪಲ್ಯ ಮಾಡಿದಳು. ತಟ್ಟೆಯ ನಡುವೆ ಅದನ್ನು ಗುಡ್ಡೆ ಹಾಕಿದಳು. ಪಕ್ಕದಲ್ಲಿ ಬೇಯಿಸಿದ ಮೊಟ್ಟೆ, ಒಂದು ಬಟ್ಟಲು ಬಸಳೆ ಸಾರು. ಅಂಚಿನಲ್ಲಿ ಒಂದೇ ಒಂದು ಕಡುಬು.

ಮೊದಲ ತುತ್ತು ಬಾಯಿಗಿಟ್ಟವಳು ಅಗಿಯುವುದನ್ನು ನಿಲ್ಲಿಸಿದಳು. ಹುರುಳಿಯಲ್ಲಿ ಮಣ್ಣಿನ ವಾಸನೆ ಇತ್ತು. ಮೊದಲ ಮಳೆ ಬಿದ್ದ ಹೊಲದ್ದು. ಕಳಲೆಯೊಳಗೆ ಒಂದು ಸಣ್ಣ ಒಗರು, ಅದರ ಹಿಂದೆ ಸಿಹಿ. ಬಸಳೆ ಸಾರು ಅನ್ನಕ್ಕೆ ಸುರಿದುಕೊಳ್ಳುವ ನೀರು ಎಂದಷ್ಟೇ ತಿಳಿದಿದ್ದಳು. ಈಗ ಬಟ್ಟಲೆತ್ತಿ ಕುಡಿದರೆ ಬೆಳ್ಳುಳ್ಳಿ, ಮೆಣಸು, ಸೊಪ್ಪು ಒಂದೊಂದೂ ಬೇರೆ ಬೇರೆಯಾಗಿ ನಾಲಿಗೆಗೆ ತಾಕಿದವು. ಇದೆಲ್ಲ ತನ್ನದೇ ಕೈಯ ಅಡುಗೆ. ಅನ್ನದ ಅಡಿಯಲ್ಲಿ ಇಷ್ಟು ಕಾಲ ಮುಚ್ಚಿಹೋಗಿತ್ತು.

ಕಡೆಗೆ ಆ ಒಂದು ಕಡುಬನ್ನು ಮುರಿದಳು. ಅದನ್ನು ಎಷ್ಟು ನಿಧಾನ ತಿಂದಳೆಂದರೆ ಧರ್ಮ ಬಂದು, "ಏನೇ, ಚೆನ್ನಾಗಿಲ್ವಾ?" ಎಂದು ಕೇಳಿದ.

"ಇಷ್ಟು ಚೆನ್ನಾಗಿರ್ತದೆ ಅಂತ ನಂಗೇ ಗೊತ್ತಿರ್ಲಿಲ್ಲ ಕಣ್ರೀ," ಎಂದಳು.

ರಯೀಸ್ ಮಂಗಳೂರಿನಿಂದ ಹಾಸನಕ್ಕೆ ಮೀನು ಸಾಗಿಸುವ ಹುಡುಗ. ಹುಡುಗನೇನು, ಎರಡು ಮಕ್ಕಳ ತಂದೆ, ಆದರೂ ಚೆಲುವಮ್ಮನಿಗೆ ಹುಡುಗನೇ. ಒಂದು ಮಧ್ಯಾಹ್ನ ಹೋಟೆಲಿನ ಮುಂದೆ ವ್ಯಾನು ನಿಲ್ಲಿಸಿ ಒಳಗೆ ಬಂದವನು ಅವಳ ತಟ್ಟೆ ನೋಡಿ ಬೆಚ್ಚಿದ.

"ಅಕ್ಕಾ, ಇದೇನು ಉಪ್ವಾಸನಾ?"

"ತಟ್ಟೆ ತುಂಬ ಐತಲ್ಲೋ ಮಾರಾಯ, ಉಪ್ವಾಸ ಎಲ್ಲಿಂದ ಬಂತು? ಕೂತ್ಕೋ, ತಿಂದು ನೋಡು."

ಅವನು ತಿಂದ. ಇನ್ನಷ್ಟು ಹಾಕಿಸಿಕೊಂಡ. ಆಮೇಲೆ ವ್ಯಾನಿನಿಂದ ಐಸಿನಲ್ಲಿಟ್ಟ ನಾಲ್ಕು ಬಂಗುಡೆ ತಂದು ಕೊಟ್ಟು, "ಅನ್ನ ಬಿಟ್ಟೋರು ಮೀನು ಬಿಡಬಾರದಕ್ಕ," ಎಂದ. ವಾರಕ್ಕೆರಡು ಸಲ ಅವನ ಮೀನು ಬರತೊಡಗಿತು. ಚೆಲುವಮ್ಮ ಅದಕ್ಕೆ ಮೆಣಸು, ಹುಳಿ ಸವರಿ ಹೆಂಚಿನ ಮೇಲೆ ಸುಡುತ್ತಿದ್ದಳು. ಕೆಲವು ಡ್ರೈವರುಗಳು ಅವಳ ತಟ್ಟೆ ತೋರಿಸಿ "ನಂಗೂ ಇದ್ನೇ ಹಾಕಿ" ಅನ್ನುತ್ತಿದ್ದರು. ಹೆಚ್ಚಿನವರು ಮೊದಲಿನಂತೆಯೇ ಕಡುಬು ಕೇಳುತ್ತಿದ್ದರು. ಅವಳು ಅದನ್ನೂ ಮೊದಲಿನಷ್ಟೇ ಪ್ರೀತಿಯಿಂದ ಕಟ್ಟುತ್ತಿದ್ದಳು. ಆಸೆಯಾದ ದಿನ ಎರಡು ತಿನ್ನುತ್ತಿದ್ದಳು. ಮರೆಯಲ್ಲಿ ನಿಂತಲ್ಲ, ಮೇಜಿನ ಮುಂದೆ ಕೂತು.

ಕಷ್ಟವಾಗಿದ್ದು ಸಂಜೆ ನಾಲ್ಕರ ಹೊತ್ತು. ಹಸಿವಿರುತ್ತಿರಲಿಲ್ಲ, ಆದರೂ ಕೈ ತಾನಾಗಿ ರೊಟ್ಟಿ ಡಬ್ಬಿಯತ್ತ ಹೋಗುತ್ತಿತ್ತು. ಆ ಹೊತ್ತಿಗೆ ಹೋಟೆಲಿನಲ್ಲಿ ಇರದಿದ್ದರೆ ಸೈ ಎಂದುಕೊಂಡು ಛತ್ರಿ ಹಿಡಿದು ಹೊರಟಳು. ಮೊದಮೊದಲು ರಸ್ತೆ ಬದಿಯ ಹಲಸಿನ ಮರದವರೆಗೆ ಹೋಗಿ ಏದುಸಿರು ಬಿಡುತ್ತಾ ವಾಪಸು. ಬರಬರುತ್ತಾ ಕಾಫಿ ಎಸ್ಟೇಟಿನ ಗೇಟಿನವರೆಗೆ. ಮಳೆ ಕಡಿಮೆಯಾಗುವ ಹೊತ್ತಿಗೆ ಎಸ್ಟೇಟಿನ ಕೂಲಿಯವರ ಲೈನು ಮನೆಗಳನ್ನೂ ದಾಟಿ ಹಳ್ಳದವರೆಗೆ.

ಒಂದು ಬೆಳಿಗ್ಗೆ ಒಲೆ ಮುಂದೆ ಕೂತಿದ್ದವಳು ಉಪ್ಪಿನ ಡಬ್ಬಿ ಬೇಕೆಂದು ಎದ್ದಳು. ಎದ್ದು ನಿಂತ ಮೇಲೆ, ತಾನು ಗೋಡೆ ಹಿಡಿದಿಲ್ಲವೆಂದು ತಿಳಿಯಿತು. ಯಾರೋ ಹಿಂದಿನಿಂದ ಎತ್ತಿ ನಿಲ್ಲಿಸಿದರೇನೋ ಎಂಬಂತೆ ತಿರುಗಿ ನೋಡಿದಳು. ಯಾರೂ ಇಲ್ಲ. ಮತ್ತೆ ಕೂತಳು, ಮತ್ತೆ ಎದ್ದಳು. ತನ್ನದೇ ಕಾಲುಗಳನ್ನು, ಹೊಸದಾಗಿ ಮನೆಗೆ ಬಂದವರನ್ನು ನೋಡುವ ಹಾಗೆ, ಬಹಳ ಹೊತ್ತು ನೋಡಿದಳು. ಸೀರೆಯ ನೆರಿಗೆ ಎರಡು ಹೆಚ್ಚಾಗಿದ್ದೂ ಆಗಲೇ ಗಮನಕ್ಕೆ ಬಂದಿದ್ದು. ಆ ವಾರ ಡಾಕ್ಟರಮ್ಮ ಹೊಸ ರಿಪೋರ್ಟು ನೋಡಿ, "ಬಾಗಿಲಲ್ಲಿ ನಿಂತಿದ್ದು ವಾಪಸು ಹೋಗಿದೆ. ಹೀಗೇ ಇರಲಿ," ಎಂದು ನಕ್ಕರು.

ದೀಪಾವಳಿ ಕಳೆದು ಆಕಾಶ ತಿಳಿಯಾಯಿತು. ಹಳ್ಳದ ಆಚೆ ಹುಲ್ಲುಗುಡ್ಡವಿತ್ತು. ಅಷ್ಟು ಹತ್ತಿರವಿದ್ದರೂ ಚೆಲುವಮ್ಮ ಮದುವೆಯಾಗಿ ಬಂದ ಮೇಲೆ ಒಮ್ಮೆಯೂ ಅದರ ತುದಿಗೆ ಹೋದವಳಲ್ಲ. "ಇವತ್ತು ಹತ್ತಾನ," ಎಂದಳು. ಧರ್ಮ ಮೊಬೈಲು ತೆಗೆದು ಅರಣ್ಯ ಇಲಾಖೆಯವರು ಕಳಿಸುವ ಆನೆ ಓಡಾಟದ ಮೆಸೇಜು ನೋಡಿದ. "ಆಚೆ ಕಣಿವೆ ಕಡೆ ಅವಂತೆ. ಒಬ್ಳೇ ಹೋಗ್ಬೇಡ, ನಾನೂ ಬತ್ತೀನಿ," ಎಂದು ಹೋಟೆಲಿನ ಬಾಗಿಲು ಎಳೆದ.

ಧರ್ಮ ಕಡ್ಡಿಯಂಥ ಮನುಷ್ಯ, ಆದರೆ ಬೀಡಿ ಸೇದಿ ಎದೆ ಕೆಡಿಸಿಕೊಂಡವನು. ಅರ್ಧ ದಾರಿಯಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟ. "ನಿಧಾನ ಹೋಗೇ, ನಾನ್ ಮನ್ಸ ಕಣೇ!" ಎಂದು ಕೂಗಿದ. ಅವಳು ಮೇಲಿನಿಂದ ನಗುತ್ತಾ ಕಾದಳು. ಬೆವರು ಇಳಿಯುತ್ತಿತ್ತು, ಉಸಿರು ಏರಿತ್ತು, ಆದರೆ ಕಾಲು ಬೇಡ ಅನ್ನಲಿಲ್ಲ.

ಇಬ್ಬರೂ ತುದಿ ಮುಟ್ಟಿದರು. ನೆಲ ಅಲ್ಲಿಗೆ ಮುಗಿದುಹೋಗಿತ್ತು. ಕೆಳಗೆ ಕಾಡು, ಕಾಡಿನಾಚೆ ಬೆಟ್ಟ, ಅದರ ಹಿಂದೆ ಇನ್ನೊಂದು, ನೀಲಿಯಾಗುತ್ತಾ ಆಗುತ್ತಾ ಎಲ್ಲಿ ಬೆಟ್ಟ ಮುಗಿದು ಎಲ್ಲಿ ಆಕಾಶ ಶುರುವಾಯಿತೋ ತಿಳಿಯದಂತೆ. ಎಡಕುಮೇರಿಯ ಕಡೆಯಿಂದ ರೈಲಿನ ಕೂಗು ಕೇಳಿತು. ಬೆಟ್ಟದ ಹೊಟ್ಟೆಯಿಂದ ಅದು ಹೊರಬಂದಾಗ ಒಂದು ಜರಿಹುಳದಷ್ಟಿತ್ತು. ಸೇತುವೆ ದಾಟಿ ಮತ್ತೆ ಕಲ್ಲಿನೊಳಗೆ ಹೋಯಿತು.

"ಅಲ್ಲಿ ನೋಡು," ಎಂದು ಧರ್ಮ ಪಿಸುಗುಟ್ಟಿದ.

ಕಣಿವೆಯಾಚೆಯ ಹುಲ್ಲಿನ ಇಳಿಜಾರಿನಲ್ಲಿ ಬಂಡೆಗಳು ನಡೆಯುತ್ತಿದ್ದವು. ಆನೆಗಳು. ಧರ್ಮ ಎಣಿಸಲು ಹೋಗಿ ಬಿಟ್ಟುಬಿಟ್ಟ. ಮುಂದಿನ ಹೆಣ್ಣಾನೆ ಹುಲ್ಲನ್ನು ಸೊಂಡಿಲಿಂದ ಸುತ್ತಿ ಕಿತ್ತು, ಕಾಲಿಗೆ ಬಡಿದು ಮಣ್ಣು ಉದುರಿಸಿ ಬಾಯಿಗಿಡುತ್ತಿತ್ತು. ಆತುರವೇ ಇಲ್ಲ. ನಡುವೆ ಒಂದು ಮರಿ ಕಾಲು ಜಾರಿ ಕುಂಡೆಯ ಮೇಲೆ ಅಷ್ಟು ದೂರ ಇಳಿದುಹೋಯಿತು. ಎದ್ದು ಮತ್ತೆ ಮೇಲಕ್ಕೆ ಓಡಿ, ಈ ಸಲ ಬೇಕೆಂದೇ ಜಾರಿತು. ಇಳಿಬಿಸಿಲು ಅವುಗಳ ಬೆನ್ನಿನ ಮೇಲೆ ಬಿದ್ದು ಕೆಂಪುಮಣ್ಣು ಹೊಳೆಯಿತು. ಗಾಳಿ ಈ ಕಡೆ ತಿರುಗಿದಾಗ ಅವು ಹುಲ್ಲು ಕೀಳುವ ಸದ್ದು ಕೇಳಿತೋ, ಕೇಳಿದಂತಾಯಿತೋ.

"ಅಷ್ಟು ದೊಡ್ಡ ಮೈ, ಒಂದು ಕಲ್ಲೂ ಉರುಳಿಸ್ತಿಲ್ವಲ್ಲೇ," ಎಂದ ಧರ್ಮ.

ಚೆಲುವಮ್ಮ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಕಣ್ಣು ತುಂಬಿ ಬಂದಿತ್ತು, ದುಃಖಕ್ಕಲ್ಲ. ತಾನು ದಿನಾ ಹಿಟ್ಟು ತಟ್ಟುವ ಜಾಗದ ಬೆನ್ನಿಗೇ ಇಷ್ಟು ದೊಡ್ಡದೊಂದು ಇತ್ತು, ಅದರ ಪಾಡಿಗೆ ಅದು ಉಸಿರಾಡುತ್ತಿತ್ತು ಎಂಬುದೇ ಎದೆಯಲ್ಲಿ ಹಿಡಿಸಲಿಲ್ಲ. ಕೈಮುಗಿಯಬೇಕು ಅನಿಸಿತು, ಕೈ ಎತ್ತಲು ಮರೆತಳು.

ಆನೆಗಳು ಒಂದೊಂದಾಗಿ ಕಾಡಿನ ಅಂಚಿಗೆ ಸರಿದವು. ಮರಿಯನ್ನು ಹೆಣ್ಣಾನೆ ಸೊಂಡಿಲಿಂದ ಮುಂದಕ್ಕೆ ನೂಕಿತು. ಎಲೆಗಳು ಅಲ್ಲಾಡಿ ಸುಮ್ಮನಾದವು. ಇಳಿಜಾರು ಖಾಲಿಯಾದ ಮೇಲೂ ಇಬ್ಬರೂ ಅಲ್ಲೇ ಕೂತಿದ್ದರು. ಧರ್ಮ ಬೀಡಿ ತೆಗೆದವನು ಅದನ್ನು ಹಚ್ಚದೆ, ಆಚೆ ಕಾಡನ್ನೇ ನೋಡುತ್ತಾ, ಬೆರಳುಗಳ ನಡುವೆ ಹಾಗೇ ಹಿಡಿದುಕೊಂಡಿದ್ದ.