ಎರಡು ಗುಡ್ಡೆ ಹುಣಸೆಹಣ್ಣು

ಸಿಪ್ಪೆ ಒಡೆದ ಸದ್ದು ಕಿವಿಗೆ ಬಂತು, ಬೆರಳಿಗೆ ಬರಲಿಲ್ಲ — ಆರು ತಿಂಗಳಾಯ್ತು ಈ ಬೆರಳು ನನ್ನವಲ್ಲ, ಡ್ರಿಪ್ಪಿನಲ್ಲಿ ಬಿಟ್ಟ ಔಷಧಿ ತುದಿಗಳಿಗೆಲ್ಲ ಜೋಮು ಹಿಡಿಸಿಬಿಟ್ಟಿದೆ, ಹಣ್ಣೋ ಕಲ್ಲೋ ಕಣ್ಣಿಂದಲೇ ನೋಡಿ ತಿಳೀಬೇಕು, ಕಣ್ಣಿಂದಲೇ ನೋಡಿ ಬೆಳಗಿನಿಂದ ಎರಡು ಗುಡ್ಡೆ ಹಾಕಿದ್ದೀನಿ, ಗೋಡೆ ಕಡೆಯದರಲ್ಲಿ ಹುಳ ಬಿದ್ದಿದ್ದೆಲ್ಲ ಕೆಳಗೆ, ಮೇಲೆ ಮಾತ್ರ ಉದ್ದನೆ ದಪ್ಪನೆ ಹಣ್ಣು, ಬಾಗಿಲ ಕಡೆಯದರಲ್ಲಿ ಸೊಟ್ಟ ಹಣ್ಣು ಮೇಲೆ, ತುಂಬಿದ ತಿರುಳಿನದು ಕೆಳಗೆ — ಕದರಪ್ಪ, ಅರವತ್ತೆಂಟು ವರ್ಷದಲ್ಲಿ ಇಂಥಾದ್ದು ಮಾಡಿದವನಲ್ಲ ನೀನು, ಹೂಂ, ಮಾಡಿದವನಲ್ಲ, ಅದಕ್ಕೇ ಇವತ್ತು ಮಾಡಿದ್ದು. ಬದುವಿನ ಹುಣಸೆಮರವೊಂದೇ ಭಾಗವಾಗದೆ ಉಳಿದಿರೋದು, ವರ್ಷವೂ ನಾನು ಗುಡ್ಡೆ ಹಾಕಬೇಕು, ತಮ್ಮ ಚಿಕ್ಕನರಸಯ್ಯ ಬಂದು ಕೈ ಇಡಬೇಕು, ಕೈ ಇಟ್ಟಿದ್ದು ಅವನದು, ಮಿಕ್ಕಿದ್ದು ನನ್ನದು, ಹಿರಿಯ ಪಾಲು ಮಾಡೋನು ಕಿರಿಯ ಆರಿಸೋನು, ಅಪ್ಪನ ಕಾಲದ ರೂಢಿ, ಹೊಲದಲ್ಲೂ ಹಂಗೇ ಕುರಿಯಲ್ಲೂ ಹಂಗೇ, ಆ ಕೈ ಬರೋದು, ಅಗಲವಾದ ಕೈ, ಗಾಳಿಯಲ್ಲಿ ಒಂದು ಚಣ ನಿಲ್ಲೋದು, ಎಷ್ಟು ಸಮ ಮಾಡಿದ್ದರೂ ಒಳ್ಳೇದರ ಮೇಲೇ ಬೀಳೋದು, ಮೂಡಲ ಹೊಲಕ್ಕೆ ಬಿತ್ತು, ಬೋರಿನಲ್ಲಿ ನೀರು ಬಂತು, ಪಡುವಲದಲ್ಲಿ ನನಗೆ ಬರೀ ಧೂಳು. ಕೊನೆಗೆ ಕಾಯಿಲೆಯಲ್ಲೂ. ಇಬ್ಬರಿಗೂ ದೊಡ್ಡಕರುಳಿನ ಕ್ಯಾನ್ಸರು, ಒಂದೇ ವರ್ಷದಲ್ಲಿ, ಪಾವಗಡದಿಂದ ಒಂದೇ ಬಸ್ಸು, ಮಧುಗಿರಿಯಲ್ಲಿ ಒಂದೇ ಹೋಟೆಲಿನ ಕಾಫಿ, ಕೊರಟಗೆರೆ ದಾಟೋವಾಗ ಸಿದ್ದರಬೆಟ್ಟದ ದಿಕ್ಕಿಗೆ ಇಬ್ಬರೂ ಕೈ ಮುಗಿಯೋದು, ತುಮಕೂರಿನ ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಕುರ್ಚಿ — ಒಂದೇ ಅಂದುಕೊಂಡಿದ್ದೆ, ಒಂದೇ ಹೊಟ್ಟೇಲಿ ಹುಟ್ಟಿದೋರಲ್ವಾ, ಅವನ ಬಾಟ್ಲೀಲಿ ಅರ್ಧ ನನಗೂ ಬಿಡಮ್ಮ ಅಂದೆ ನರ್ಸಿಗೆ, ನಕ್ಕುಬಿಟ್ಟಳು, ಡಾಕ್ಟರಮ್ಮ ನಗಲಿಲ್ಲ, ಕೂರಿಸಿಕೊಂಡು ಹೇಳಿದರು, ಹೆಸರು ಒಂದೇ ತಾತ, ಗಡ್ಡೆ ಬೇರೆ, ಒಳಗಿನ ಜೀನಿನಲ್ಲಿ ಆಗಿರೋ ಬದಲಾವಣೆ ಬೇರೆ, ನಿಮ್ಮ ತಮ್ಮನ ಗಡ್ಡೇನ ಮೈಯಿನ ಕಾವಲೇ ಗುರುತು ಹಿಡಿಯುತ್ತೆ, ಅವರ ಬಾಟ್ಲಿಯ ಇಂಜೆಕ್ಷನ್ನು ಆ ಕಾವಲನ್ನ ಎಬ್ಬಿಸುತ್ತೆ, ನಿಮ್ಮದಕ್ಕೆ ಅದು ನಾಟಲ್ಲ, ನಿಮ್ಮ ಒಂದೇ ಗಡ್ಡೆಯಲ್ಲಿ ಹಲವು ಥರದ ಜೀವಕಣ ಇವೆ, ಔಷಧಿಗೆ ಬಗ್ಗಿದ್ದು ಸತ್ತವು, ಬಗ್ಗದೇ ಇದ್ದದ್ದು ಈಗ ಬೆಳೀತಿವೆ. ಕಳೆ ಕಿತ್ತ ಮೇಲೂ ಕೊನ್ನಾರಿಗೆಡ್ಡೆ ಉಳ್ಕೊಳ್ಳೋ ಹಂಗೆ, ಅಷ್ಟು ಗೊತ್ತು ಕಣಮ್ಮ, ನಾನೇನು ಕಡ್ಲೆಕಾಯಿ ಬೆಳೀದೋನಾ. ಅವನದು ಮೂರನೇ ಸ್ಕ್ಯಾನಿಗೆ ಕಾಣಿಸಲೇ ಇಲ್ಲ, ಕೆನ್ನೆ ತುಂಬಿಕೊಂಡವೆ, ನಾಗಲಮಡಿಕೆಗೆ ಸೈಕಲ್ ತುಳೀತಾನೆ, ನಾನು ಹಟ್ಟಿ ಬಾಗಿಲು ದಾಟೋಕೆ ಗೋಡೆ ಹಿಡೀತೀನಿ. ಅದೂ ಸಾಲದು — ಇಬ್ಬರ ರಕ್ತವನ್ನೂ ನೋಡಿ ಡಾಕ್ಟರಮ್ಮ ಅಂದದ್ದು, ನಿಮ್ಮ ತಮ್ಮನ ಜೀನಿನ ಬದಲಾವಣೆ ಹುಟ್ಟಿನಿಂದಲೇ ಬಂದಿದೆ, ನಿಮ್ಮಮ್ಮನಿಂದ ಇರಬೇಕು, ನಿಮ್ಮ ರಕ್ತದಲ್ಲಿ ಅದಿಲ್ಲ, ನಿಮ್ಮದು ವಯಸ್ಸಾದ ಮೇಲೆ ನಿಮ್ಮಲ್ಲೇ ಹುಟ್ಟಿಕೊಂಡಿದ್ದು — ಅವ್ವ, ರಕ್ತ ಹೋಗಿ ಹೋಗಿ ನಲವತ್ತೈದಕ್ಕೇ ಕಣ್ಣು ಮುಚ್ಚಿದ ಅವ್ವ, ಮಡಕೆಯ ಬೆಲ್ಲ ಅವನಿಗೆ, ಸೆರಗಿನ ಮರೆ ಅವನಿಗೆ, ಕಾಯಿಲೇನೂ ಅವನಿಗೇ ಕೊಟ್ಟು ಹೋದಳು, ನನಗೆ ಅದೂ ಇಲ್ಲ.

ಸೈಕಲ್ ಸದ್ದಲ್ಲ, ನಡೆದು ಬಂದಿದ್ದಾನೆ, ಹಿಂದೆ ಅವನ ಮಗಳು ಶ್ರೀಲತಾ, ಬಂದ್ಬುಟ್ಟೆ ಕಣಣ್ಣ, ದನಿ ಯಾಕೋ ಇಂಗಿದೆ, ಬಾ, ಇಡು ಕೈ, ಗೋಡೆ ಕಡೆ ನೋಡು ಎಂಥಾ ಹಣ್ಣು, ಇಡು — ನನ್ನ ಹೆಂಡತಿ ಸಣ್ಣಕ್ಕ ಒಳಗಿಂದಲೇ ಏನಮ್ಮಿ ನಿನ್ನ ರಕ್ತದ ರಿಪೋರ್ಟು ಬಂತಾ, ಬಂತು ದೊಡ್ಡಮ್ಮ, ಅಪ್ಪಂಗಿರೋ ಬದಲಾವಣೆ ನಂಗೂ ಐತಂತೆ, ಗಡ್ಡೆ ಇಲ್ಲ, ಆಗಾಗ ಕರುಳಿಗೆ ಕ್ಯಾಮೆರಾ ಬಿಟ್ಟು ನೋಡಿಸ್ಕೋತಾ ಇರ್ಬೇಕಂತೆ ಜೀವ ಇರೋಗಂಟ. ಏಮಿ ಕಾದು ತಲ್ಲಿ, ಏನೂ ಆಗಲ್ಲ ಬುಡು ಅಂತ ಸಣ್ಣಕ್ಕ ಕಣ್ಣೊರೆಸಿಕೊಳ್ತಾಳೆ, ನನ್ನ ಮಗ ನರಸಿಂಹರಾಜುಗೆ ಅದು ಬರೋ ದಾರಿಯೇ ಇಲ್ಲ, ನಾನು ಕೊಟ್ಟಿಲ್ಲ, ಎದೆಯೊಳಗೆ ಒಂದು ಚಣ ಬೆಲ್ಲ ಕರಗಿದಂಗಾಯ್ತು — ಥೂ. ತಮ್ಮ ಗುಡ್ಡೆಗಳನ್ನ ನೋಡಲೇ ಇಲ್ಲ, ತನ್ನ ಅಂಗೈ ನೋಡಿಕೊಂಡ, ನನ್ ಕೈ ಸಾಕಾಯ್ತು ಕಣಣ್ಣ, ನಾನ್ ತಂದಿದ್ದು ಕೂಸಿಗೂ ಅಂಟ್ಕೊಂಡ್ಬುಡ್ತು, ಈ ಸಲ ನೀನೇ ಇಡು. ಬಿಟ್ಟುಕೊಡೋ ದೊಡ್ಡತನ, ಅದೂ ಅವನ ಪಾಲಿಗೇ. ಬಾಗಿಲ ಕಡೆ ತಿರುಳು, ಗೋಡೆ ಕಡೆ ಹುಳ, ನಾನೊಬ್ಬನೇ ಬಲ್ಲೆ, ಬಾಗಿಲ ಕಡೆಗೆ ಚಾಚು, ಕೇಳೋರು ಯಾರು, ಆ ಹುಡುಗಿ ನೋಡ್ತಿದ್ದಾಳೆ, ಅವ್ವನ ಕಣ್ಣು, ಥೇಟ್ ಅವ್ವನ ಕಣ್ಣು, ಕೈ ಎದ್ದಿದೆ, ಗಾಳಿಯಲ್ಲಿ ನಿಂತಿದೆ, ಇಷ್ಟು ದಿನ ಅವನ ಕೈ ನಿಲ್ತಿದ್ದ ಜಾಗದಲ್ಲೇ, ಇಳೀತು — ನೋಡಮ್ಮಿ, ನಿಮ್ಮ ದೊಡ್ಡಪ್ಪ ಕೊನೆಗೂ ಒಳ್ಳೇದಕ್ಕೇ ಕೈ ಇಟ್ಟ, ತಮ್ಮ ನಗ್ತಿದ್ದಾನೆ, ನಗಲಿ, ಗೋಡೆ ಕಡೆಯ ಗುಡ್ಡೆ ಮೇಲೆ ಕೈ, ಕೆಳಗೆ ಹುಳ ಹರೀತಿರಬೇಕು, ಬೆರಳಿಗೆ ಏನೂ ಗೊತ್ತಾಗ್ತಿಲ್ಲ, ಕೈ, ಗುಡ್ಡೆ ಮೇಲೆ ನನ್ನ ಕೈ