ಮದುವೆಯಲ್ಲಿ ಕೇಳಿದ ಹಾಡು

ಮುರ್ಡೇಶ್ವರದ ಕಡೆಯ ಇಗರ್ಜಿಯೊಂದರಲ್ಲಿ ನೆಂಟರ ಮದುವೆ. ಪರಮಪ್ರಸಾದ ಹಂಚುವ ಹೊತ್ತಿಗೆ ಅಲ್ಲಿಯ ಗಾಯನ ಮಂಡಳಿ ಎತ್ತಿಕೊಂಡ ಹಾಡು ಕೇಳಿ ಸಿಮಾಂವ್ ಬಾಗಿಸಿದ್ದ ತಲೆ ಎತ್ತಿದ. ಅದು ಅವನದೇ ಹಾಡು. ಹೊನ್ನಾವರದ ಹತ್ತಿರದ ತನ್ನೂರ ಇಗರ್ಜಿಯ ಹಬ್ಬಕ್ಕೆಂದು, ಹೊಲಿಗೆ ಯಂತ್ರದ ಪಕ್ಕ ಹಾರ್ಮೋನಿಯಂ ಇಟ್ಟುಕೊಂಡು, ಮೂರು ವರ್ಷ ಕೂತು ನಾಲ್ಕು ಧ್ವನಿಗಳಿಗೆ ಕೂಡಿಸಿದ್ದು. ಜನರೆದುರು ಒಮ್ಮೆಯೂ ಹಾಡಿಸಿರಲಿಲ್ಲ.

ನತಾಲಿನ್! ಅವನ ಮಂಡಳಿಯಲ್ಲಿ ಮೊದಲ ಧ್ವನಿ ಹಾಡುವ ನತಾಲಿನ್ ಹೋದ ವರ್ಷವಷ್ಟೇ ಇದೇ ಊರಿನಿಂದ ಅವನೂರಿಗೆ ಸೊಸೆಯಾಗಿ ಬಂದವಳು. ಅಭ್ಯಾಸಕ್ಕೆಂದು ಹಾಡಿನ ಹಾಳೆಯನ್ನು ಮನೆಗೆ ಒಯ್ಯುವವಳೂ ಅವಳೊಬ್ಬಳೇ.

ಅಂದಿನಿಂದ ಅವನು ಅವಳ ಮೇಲೆ ಕಣ್ಣಿಟ್ಟ. ಅವಳು ತವರಿಗೆ ಹೊರಟರೆ ಚೀಲದಲ್ಲಿ ಹಾಳೆ ಇದೆಯೇ ಎಂದು ಇಣುಕುತ್ತಿದ್ದ. ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ಅವಳು ತವರಿನ ಗಾಯಕನೊಬ್ಬನ ಜೊತೆ ನಗುತ್ತ ನಿಂತದ್ದು ಕಂಡ ಮೇಲೆ ಅವನಿಗೆ ಅನುಮಾನವೇ ಉಳಿಯಲಿಲ್ಲ.

ಮರುದಿನದ ಅಭ್ಯಾಸದಲ್ಲಿ ಎಲ್ಲರೆದುರು ಕೇಳಿಯೇಬಿಟ್ಟ. "ನನ್ನ ಹಾಡು ತವರಿಗೆ ಕೊಟ್ಟು ನಿಂಗೆ ಎಂತ ಸಿಕ್ತು?"

"ಯಾರಿಗೂ ಕೊಡಲಿಲ್ಲ ನಾನು," ಎಂದಳು. ಹಾಳೆಯನ್ನು ಹಾರ್ಮೋನಿಯಂ ಮೇಲಿಟ್ಟು ಹೊರಟುಹೋದಳು. ಯಾರೂ ತಡೆಯಲಿಲ್ಲ.

ತಿಂಗಳ ಮೇಲೆ ಮದುವೆಯ ವೀಡಿಯೊ ಕ್ಯಾಸೆಟ್ ಬಂತು. ಸಿಮಾಂವ್ ಹಾಡಿನ ಜಾಗಕ್ಕೆ ಕಿವಿಗೊಟ್ಟ. ಕೊನೆಯ ಸಾಲಿನಲ್ಲಿ ಎರಡನೆಯ ಧ್ವನಿ ಕೆಳಗಿಳಿಯಿತು. ಮೊದಲು ಅವನು ಬರೆದದ್ದೇ ಹಾಗೆ. ಅದನ್ನು ಮೇಲೇರುವಂತೆ ತಿದ್ದಿದ್ದು ನತಾಲಿನ್ ಅವನೂರಿಗೆ ಸೊಸೆಯಾಗಿ ಬರುವ ಮೊದಲೇ. ತಿದ್ದದ ಹಾಳೆ ಇದ್ದದ್ದು ಒಂದೇ. ಆಗ ಅವನೂರ ಇಗರ್ಜಿಯಲ್ಲಿದ್ದ ಬೋನಿಫಾಸ್ ಫಾದರಿಗೆ ವರ್ಗವಾದಾಗ ನೆನಪಿಗಿರಲೆಂದು ಅವನೇ ಕೊಟ್ಟಿದ್ದ. ಅವರು ಹೋದದ್ದು ಮುರ್ಡೇಶ್ವರದ ಆ ಇಗರ್ಜಿಗೆ!

ಫಾದರ್ ಈಗ ಕುಮಟೆಯಲ್ಲಿದ್ದರು. ಬಸ್ಸು ಹತ್ತಿ ಹೋಗಿ ಕೇಳಿದ.

"ಹೌದು, ನಾನೇ ಕಲಿಸಿದೆ. ನಿನ್ನ ಹೆಸರು ಹೇಳಿಯೇ ಕಲಿಸಿದ್ದು," ಎಂದು ಫಾದರ್ ನಕ್ಕರು. "ಎಂತಕ್ಕೆ ಮುಖ ಹಾಗೆ ಮಾಡ್ದೆ?"

ಅವನು ಮುಂದಿನ ಬಸ್ಸಿಗೇ ಊರಿಗೆ ಮರಳಿದ.

ನತಾಲಿನ್ ಅಂಗಳದಲ್ಲಿ ಮೀನು ಹೆರೆಯುತ್ತಿದ್ದಳು. "ನಂದೇ ತಪ್ಪಾತು," ಎಂದ ಸಿಮಾಂವ್.

ಅವಳು ಕತ್ತಿ ಕೆಳಗಿಡಲಿಲ್ಲ. "ಕಳ್ಳಿ ಅಂತ ಎಲ್ಲರ ಎದುರಿಗೆ ಮಾಡಿದ್ರಿ. ತಪ್ಪಾತು ಅನ್ನುಕೆ ಮಾತ್ರ ಅಂಗಳಕ್ಕೆ ಬಂದ್ರಿ?"

ಮುಂದಿನ ಭಾನುವಾರ ಪೂಜೆ ಮುಗಿದೊಡನೆ ಅವನು ಎದ್ದು ನಿಂತ. ತಾನು ಹೊರಿಸಿದ್ದು ಸುಳ್ಳು ಆರೋಪವೆಂದು ಅವಳ ಹೆಸರು ಹಿಡಿದು ಹೇಳಿದ. ನಾಲಿಗೆ ಎರಡು ಸಲ ತಡವರಿಸಿತು. ಅವಳು ಕೇಳಿಸಿಕೊಂಡಳು, ಒಮ್ಮೆ ತಲೆಯಾಡಿಸಿದಳು.

ಆದರೆ ಮಂಡಳಿಗೆ ಮರಳಲಿಲ್ಲ. ಹಬ್ಬದ ದಿನ ಮೊದಲ ಧ್ವನಿಯನ್ನು ಬೇರೆಯವಳು ಹಾಡಿದಳು. ಹಾಡು ಚೆನ್ನಾಗಿಯೇ ಆಯಿತು, ಜನ ಸಿಮಾಂವನ ಕೈಕುಲುಕಿದರು. ಹಾಡೆಲ್ಲ ಬಾಯಿಪಾಠವಿದ್ದೂ, ಹೆಂಗಸರ ಸಾಲಿನಲ್ಲಿ ನಿಂತಿದ್ದ ನತಾಲಿನ್ ಮಾತ್ರ ಉದ್ದಕ್ಕೂ ತುಟಿ ತೆರೆದಿರಲಿಲ್ಲ.