ಮದ್ರಾಸಿನಲ್ಲಿದ್ದ ಕಾನೂನು

"ಶೆಟ್ರ್ ಒಳ್ಗಿದ್ರಾ?"

ಟ್ರಂಕಿಗೆ ಸೀರೆ ತುಂಬುತ್ತಿದ್ದ ಚಂದ್ರಮತಿ ತಲೆಯೆತ್ತಿದಳು. ಜಗಲಿಯ ಕೆಳಗೆ ಸಾಸ್ತಾನದ ಗುಲಾಬಿ, ಕಂಕುಳಲ್ಲಿ ಶೆಟ್ಟರಿಗೆಂದು ತಂದ ಸೌತೆಕಾಯಿ ಬುಟ್ಟಿ. ಗಂಡನ ಹಳೆಯ ಕಕ್ಷಿಗಾರ್ತಿ. ವಕೀಲ ರಾಜೀವ ಶೆಟ್ಟರ ಉತ್ತರಕ್ರಿಯೆಯ ಬೊಜ್ಜದ ಊಟ ನಿನ್ನೆಯಷ್ಟೇ ಮುಗಿದದ್ದು ಪಾಪ ಅವಳಿಗೆ ಗೊತ್ತಿಲ್ಲ.

"ಕೂಕಣಿ ಅಕ್ಕ," ಎಂದಳು ಚಂದ್ರಮತಿ. ಜಗಲಿಯ ಅಂಚು ತೋರಿಸಿ, ಇನ್ನೊಂದು ಸೀರೆ ಮಡಚಿ ಟ್ರಂಕಿಗಿಟ್ಟಳು.

ಅಳಿಯಸಂತಾನದ ಕಟ್ಟಳೆ ಯಾರಿಗೆ ಗೊತ್ತಿಲ್ಲ? ಗಂಡ ಹೋದರೆ ಅವನ ಸೊತ್ತು ಅಕ್ಕತಂಗಿಯರ ಮಕ್ಕಳಿಗೆ, ಹೆಂಡತಿ ತವರಿಗೆ; ಚಂದ್ರಮತಿಯ ತವರು ತೆಕ್ಕಟ್ಟೆ. ಕುಂದಾಪುರದ ಈ ಮನೆ ಶೆಟ್ಟರು ಕೋರ್ಟಿನಲ್ಲಿ ಗಂಟಲು ಹರಿದುಕೊಂಡು ದುಡಿದು ಕಟ್ಟಿಸಿದ್ದು. ಎರಡು ಸಾಲು ಉಯಿಲು ಬರೆದಿಟ್ಟಿದ್ದರೆ ಸಾಕಿತ್ತು. ಊರಿಗೆಲ್ಲ ಉಯಿಲು ಬರೆದುಕೊಟ್ಟ ಕೈ ಅದು!

ಅವಳು ಕೇಳದೆ ಇರಲಿಲ್ಲ. ಎಸೆಂಬ್ಲಿ ಮೆಂಬರರಾಗಿ ಮದ್ರಾಸಿಗೆ ಹೊರಟ ಶೆಟ್ಟರ ಕೋಟಿಗೆ ಗುಂಡಿ ಹೊಲಿಯುತ್ತಾ ಕೇಳಿದ್ದಳು. ಅವರು ನಕ್ಕಿದ್ದರು. "ಗಂಡನ್ ಸೊತ್ತಿನ್ ಮೇಲೆ ಹೆಂಗ್ಸ್ರ್ ಹಕ್ಕಿನ್ ಮಸೂದೆಗೆ ನಾನೇ ಮಾತಾಡ್ತಾ ಇಪ್ಪುದ್. ಈಗ ಉಯಿಲ್ ಬರ್ದ್ರೆ ಜನ ಎಂತ ಹೇಳುದ್ ಮಾರಾಯ್ತಿ? ಊರ್ ಹೆಂಗ್ಸ್ರ ಹೆಸ್ರ್ ಹೇಳಿ ಮೊದ್ಲ್ ತನ್ ಹೆಂಡ್ತಿಗೆ ದಾರಿ ಮಾಡ್ಕಂಡ ಅಂಬ್ರ್. ಮಸೂದೆ ಪಾಸಾಯ್ಲಿ."

ಮಸೂದೆ ಮದ್ರಾಸಿನಲ್ಲೇ ಉಳಿಯಿತು. ಶೆಟ್ಟರು ಜ್ವರ ಹೊತ್ತುಕೊಂಡು ಬಂದವರು ಮತ್ತೆ ಏಳಲಿಲ್ಲ. ಆ ಮರ್ಯಾದೆಗೆ ಬೆಂಕಿ ಬೀಳಲಿ ಎಂದು ಶಪಿಸಿ, ಮರುಗಳಿಗೆ ಅದೇ ಮನುಷ್ಯನಿಗಾಗಿ ಅವಳು ಸೆರಗು ಕಚ್ಚಿ ಅಳುತ್ತಿದ್ದಳು.

ಒಳಗಿಂದ ಶೆಟ್ಟರ ಅಕ್ಕ ಅಮ್ಮಣಿ ಮಜ್ಜಿಗೆ ತಂದಳು. ವಂಡ್ಸೆಯಿಂದ ಬಂದ ಹೆಂಗಸು ಕೆಟ್ಟವಳೇನಲ್ಲ. "ಚಂದ್ರು, ಇನ್ನೆರ್ಡ್ ದಿನ ಇದ್ದ್ ಹೋಯ್ಲಕ್ಕಲ್ದಾ?"

ಮೊನ್ನೆಯವರೆಗೆ ಈ ಮನೆಯ ಯಜಮಾನಿ, ಇವತ್ತು ನೆಂಟರ ಉಪಚಾರ. ಚಂದ್ರಮತಿ ಟ್ರಂಕಿನ ಮುಚ್ಚಳ ಹಾಕಿದಳು.

"ಇಲ್ಲೆ ಅತ್ಗೆ. ಹೋಪುದೇ ಅಲ್ದಾ."

ಗುಲಾಬಿಗೆ ಇದೊಂದೂ ತಿಳಿಯಲಿಲ್ಲ. ಅವಳದು ಅವಳ ಸಂಕಟ. "ನಮ್ಮನಿಯವ್ರ್ ಹಾಸ್ಗಿ ಹಿಡ್ದಿದ್ರ್ ಅಮ್ಮ. ಅತ್ಗೆ ಮಕ್ಳ್ ಈಗ್ಲೇ ಬಂದ್ ಮನಿ ಕಂಡ್ಕಂಡ್ ಹೋತ್ರ್. ಕಾನೂನ್ ಬತ್ತ್, ನೀ ಮನಿ ಬಿಡುದ್ ಬ್ಯಾಡ ಅಂದಿದ್ರ್ ಶೆಟ್ರ್. ಬಂತಾ?"

ಅಮ್ಮಣಿ ತಟ್ಟನೆ ಒಳಗೆ ಸರಿದಳು.

"ಬತ್ತ್," ಎಂದಳು ಚಂದ್ರಮತಿ. "ಆದ್ರೆ ಕಾಯ್ಬೇಡಿ ಅಕ್ಕ. ಅವ್ರಿಗೆ ಮಾತ್ ನಿಲ್ಲುಕ್ ಮುಂಚೆ ಒಂದ್ ಉಯಿಲ್ ಬರ್ಸ್ಕಣಿ. ಇವತ್ತೇ."

"ಹಾಂಗಾರೆ ಶೆಟ್ರೇ ಬರ್ದ್ ಕೊಡ್ಲಿ."

ಅಷ್ಟರಲ್ಲಿ ಗೇಟಿನ ಹತ್ತಿರ ಗಾಡಿ ಹೊಡೆಯುವ ಕುಷ್ಟ ಕೂಗಿದ. "ಹ್ವಾಯ್ ಅಮ್ಮ, ತೆಕ್ಕಟ್ಟೆಗ್ ಹೋಪುಕ್ ಹೊತ್ತಾಯ್ತ್!"

ಗುಲಾಬಿ ಗಾಡಿ ನೋಡಿದಳು, ಟ್ರಂಕು ನೋಡಿದಳು. ಆಮೇಲೆ ಚಂದ್ರಮತಿಯ ಬರಿಯ ಹಣೆ ನೋಡಿದಳು. ಬುಟ್ಟಿಯನ್ನು ಮೆಲ್ಲಗೆ ಜಗಲಿಯ ಮೇಲಿಟ್ಟು ಬಗ್ಗಿ ಟ್ರಂಕಿನ ಒಂದು ಹಿಡಿ ಹಿಡಿದಳು.

ಇನ್ನೊಂದನ್ನು ಚಂದ್ರಮತಿ ಹಿಡಿದಳು. ಇಬ್ಬರೂ ಮೆಟ್ಟಿಲಿಳಿದರು. ಜಗಲಿಯಲ್ಲಿ ಶೆಟ್ಟರ ಖಾಲಿ ಕುರ್ಚಿಯ ಪಕ್ಕದಲ್ಲಿ ಸೌತೆಕಾಯಿಗಳು ಉಳಿದವು.